ನಿಮ್ಮ ಗೋಡೆಯ ಮೇಲೊಂದು ಮರಾಠಾ ಜೇಡ!

ಒಂದು ಒಗಟು ಹೇಳುತ್ತೇನೆ. ಬಿಡಿಸಿ ನೋಡೋಣ!

ಭೋಸರಿಯ ಬಾಡಿಗೆ ಖೋಲಿಯಲ್ಲಿ ವಾಸ. ಆದರೆ ಬಾಡಿಗೆ ಕಟ್ಟುವುದಿಲ್ಲ. ಡಿಪಾಸಿಟ್ ಇಲ್ಲ, ಕರಾರುಪತ್ರ ಇಲ್ಲ, ಆಧಾರ್ ಕಾರ್ಡಿನ ಝೆರಾಕ್ಸ್ ಕೇಳಿದವರೂ ಇಲ್ಲ. ನೀವು ಫಸ್ಟ್ ಶಿಫ್ಟಿಗೆ ಹೊರಟಾಗಲೂ ಮನೆಯಲ್ಲೇ. ನೈಟ್ ಶಿಫ್ಟ್ ಮುಗಿಸಿ ಬಂದಾಗಲೂ ಮನೆಯಲ್ಲೇ!

ಇನ್ನೊಂದು ಸುಳಿವು. ಇದು ಬೇಟೆಗಾರ. ಅವರಿವರು ಹತ್ತಿರ ಸುಳಿಯಲೂ ಅಂಜುವ ಪ್ರಾಣಿಯನ್ನೇ ಕಟ್ಟಿ ಕೆಡವಿ ತಿನ್ನುತ್ತದೆ!

ಮತ್ತೊಂದು. ಇದರ ಹೆಸರಿನೊಳಗೆ ‘ಮರಾಠಾ’ ಕೂತಿದೆ. ಆ ಹೆಸರು ಜಪಾನಿನವರ ಪಟ್ಟಿಯಲ್ಲಿದೆ, ತೈವಾನಿನವರ ಪಟ್ಟಿಯಲ್ಲಿದೆ. ನಿಮಗೆ ಮಾತ್ರ ಗೊತ್ತಿಲ್ಲ!

ಯಾರು? ಹಲ್ಲಿಯೇ? ಅಲ್ಲ. ಜಿರಳೆಯೇ? ಛೆ, ಅಲ್ಲವೇ ಅಲ್ಲ!

ಸೋತಿರಾ? ಹಾಗಾದರೆ ಅಳತೆಯನ್ನೂ ಹೇಳಿಬಿಡುತ್ತೇನೆ. ತಲೆಯಿಂದ ಬುಡದವರೆಗೆ ಎರಡರಿಂದ ಮೂರು ಮಿಲಿಮೀಟರ್. ಅಷ್ಟೇ!

ಹೌದು, ಜೇಡ. ಮೂಲೆಯಲ್ಲಿ ಉದ್ದ ಕಾಲು ಇಳಿಬಿಟ್ಟು ತೂಗಾಡುತ್ತದಲ್ಲ, ಅದಲ್ಲ. ಗೋಡೆಗೆ ಚಪ್ಪಟೆಯಾಗಿ ಅಂಟಿ ಕೂತು ಕಣ್ಣಿಗೆ ಚೂರು ಧೂಳು ಎನ್ನಿಸುತ್ತದಲ್ಲ, ಅದು! ವಿಜ್ಞಾನಿಗಳು ಇಟ್ಟ ಹೆಸರು ಈಕೋಬಿಯಸ್ ಮರಾಠೌಸ್.

ಎಲ್ಲಿ ಹುಡುಕಬೇಕು? ಈಗಲೇ ಏಳಿ. ಮೊಬೈಲ್ ಟಾರ್ಚ್ ಹಚ್ಚಿ. ಬೆಳಕನ್ನು ನೇರ ಬಿಡಬೇಡಿ, ಗೋಡೆಗೆ ಸವರಿದ ಹಾಗೆ ಅಡ್ಡಡ್ಡ ಬಿಡಿ. ಕಿಟಕಿ ಚೌಕಟ್ಟಿನ ಸಂದು ನೋಡಿ. ಸ್ವಿಚ್ ಬೋರ್ಡಿನ ಅಂಚು ನೋಡಿ. ದೇವರ ಫೋಟೋ ಗೋಡೆಗೆ ತಾಗುವ ಕಡೆ ನೋಡಿ. ಬಣ್ಣ ಎದ್ದ, ಗಿಲಾವು ಬಿರಿದ ಜಾಗ ನೋಡಿ. ಅಲ್ಲಿ ಬೆಳ್ಳಗೆ, ತೆಳ್ಳಗೆ, ನಕ್ಷತ್ರದಾಕಾರದ ಒಂದು ಪುಟ್ಟ ಹೊದಿಕೆ. ಅಡ್ಡಳತೆ ಹೆಚ್ಚೆಂದರೆ ಎರಡು ಮೂರು ಸೆಂಟಿಮೀಟರ್. ಅದು ಕೊಳೆಯಲ್ಲ ಮಹರಾಯರೇ, ಮನೆ!

ಮನೆಯೆಂದರೆ ಎಂಥ ಮನೆ! ಮೇಲೊಂದು ರೇಷ್ಮೆಯ ಛಾವಣಿ. ಕೆಳಗೊಂದು ರೇಷ್ಮೆಯ ಹಾಸು. ನಡುವಿನ ಸಂದಿನಲ್ಲಿ ಮನೆಯೊಡತಿ. ಅಂಚಿನಲ್ಲಿ ಹಲವು ಬಾಗಿಲು. ಯಾವ ಕಡೆಯಿಂದ ಅಪಾಯ ಬಂದರೂ ಇನ್ನೊಂದು ಕಡೆಯಿಂದ ಪರಾರಿ! ಸುತ್ತಲೂ ಗೋಡೆಯ ಮೇಲೆ ಹರಡಿದ ಎಳೆಗಳು. ಇರುವೆಯ ಒಂದು ಕಾಲು ಅದಕ್ಕೆ ತಗಲಿದರೆ ಸಾಕು, ಒಳಗೆ ಕೂತವಳಿಗೆ ಸುದ್ದಿ ಮುಟ್ಟುತ್ತದೆ.

ಈಗ ಮನೆಯೊಡತಿಯನ್ನು ನೋಡಿ. ಭೂತಗನ್ನಡಿ ಇದ್ದರೆ ತನ್ನಿ. ಇಲ್ಲವೇ? ಮೊಬೈಲ್ ಕ್ಯಾಮೆರಾವನ್ನೇ ದೊಡ್ಡದು ಮಾಡಿ.

ಮೈ ತಿಳಿ ಕೆನೆಬಣ್ಣ. ಮೇಲೆ ಕಪ್ಪು ಚುಕ್ಕೆ. ಹೊಟ್ಟೆಯ ಮೇಲೆ ಬಿಳಿ ಹೊಳಪಿನ ಮಚ್ಚೆ. ಕಾಲುಗಳಿಗೆ ಪಟ್ಟೆ ಪಟ್ಟೆ ಅಲಂಕಾರ. ಮುಂಭಾಗ ಹೆಚ್ಚುಕಡಿಮೆ ಪೂರ್ಣ ದುಂಡಗೆ! ಎಂಟು ಕಾಲುಗಳೂ ಬಹುತೇಕ ಒಂದೇ ಉದ್ದ. ಸುತ್ತ ಎಂಟೂ ಕಡೆಗೆ ಚಾಚಿಕೊಂಡಿವೆ. ಮುಂದೆ ಯಾವುದು, ಹಿಂದೆ ಯಾವುದು? ಹೇಳಿ ನೋಡೋಣ! ನೀವು ಎತ್ತ ಓಡುತ್ತದೆ ಎಂದುಕೊಳ್ಳುತ್ತೀರೋ ಅದರ ತದ್ವಿರುದ್ಧ ದಿಕ್ಕಿಗೆ ಚಂಗನೆ ಓಡಿರುತ್ತದೆ!

ಕಣ್ಣುಗಳು ಎಷ್ಟು? ಎಂಟು! ಅಷ್ಟೂ ಕಣ್ಣು ತಲೆಯ ನಡುಮಧ್ಯೆ ಒಂದೇ ಕಡೆ ಗುಂಪು ಕಟ್ಟಿಕೊಂಡಿವೆ. ಅವುಗಳಲ್ಲಿ ಎರಡಕ್ಕೆ ಸರಿಯಾದ ಆಕಾರವೇ ಇಲ್ಲ. ಅಂಕುಡೊಂಕಾದ ಬೆಳ್ಳಿ ಬಣ್ಣದ ತೇಪೆ, ಅಷ್ಟೇ!

ಈಗ ಹೆಸರಿನ ಕಥೆ. ಇಲ್ಲೂ ಒಂದು ಪ್ರಶ್ನೆ ಇದೆ, ತಯಾರಾಗಿ.

ಈ ಜೇಡಕ್ಕೆ ‘ಮರಾಠೌಸ್’ ಎಂದು ನಾಮಕರಣ ಆದ ವರ್ಷವೇ ಇನ್ನೊಂದು ಹೆಸರೂ ಹುಟ್ಟಿತು. ಭೋಸರಿಯಲ್ಲಿ ದಿನಕ್ಕೆ ನೂರು ಬಾರಿ ಕೇಳುವ ಹೆಸರು ಅದು. ರಿಕ್ಷಾದವರ ಬಾಯಲ್ಲಿ, ಬಸ್ಸಿನ ಬೋರ್ಡಿನಲ್ಲಿ, ನಿಮ್ಮ ಗೇಟ್ ಪಾಸಿನಲ್ಲಿ. ಯಾವುದು?

ಎಂಐಡಿಸಿ!

ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿದ್ದು 1962ರಲ್ಲಿ. ಮರಾಠೌಸ್ ಜೇಡ ವಿಜ್ಞಾನದ ದಾಖಲೆ ಸೇರಿದ್ದೂ 1962ರಲ್ಲಿ! ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಹುಡುಗರನ್ನು ರೊಟ್ಟಿ ಬುತ್ತಿ ಸಮೇತ ಈ ಊರಿಗೆ ಕರೆಸಿಕೊಂಡ ಹೆಸರೂ, ಅವರ ಖೋಲಿಯ ಗೋಡೆಗೆ ತಕ್ಕ ಜೇಡದ ಹೆಸರೂ ಒಂದೇ ವರ್ಷದ ಕೂಸುಗಳು!

ಹೆಸರಿಟ್ಟವರು ಯಾರು? ಬಿ. ಕೆ. ಟಿಕಾದರ್. 1928ರಲ್ಲಿ ಹುಟ್ಟಿದ ಬಂಗಾಳಿ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ವಿಜ್ಞಾನಿ, ಮುಂದೆ ಅದರ ನಿರ್ದೇಶಕ. ನಮ್ಮ ದೇಶದ ಜೇಡಗಳಿಗೆ ಹೆಸರು, ವಿಳಾಸ, ಚಿತ್ರ ಎಲ್ಲ ಒದಗಿಸಿಕೊಟ್ಟ ಪುಣ್ಯಾತ್ಮ! 1987ರ ಅವರ ‘ಹ್ಯಾಂಡ್‌ಬುಕ್ ಆಫ್ ಇಂಡಿಯನ್ ಸ್ಪೈಡರ್ಸ್’ ಹಿಡಿದು ಎಷ್ಟೋ ಮಂದಿ ಜೇಡದ ಬೆನ್ನು ಹತ್ತಿದರು.

ಆ ಸರ್ವೇಕ್ಷಣಾ ಸಂಸ್ಥೆಯ ಪಶ್ಚಿಮ ಪ್ರಾದೇಶಿಕ ಕೇಂದ್ರ ಇವತ್ತು ಎಲ್ಲಿದೆ ಗೊತ್ತೇ? ದಿಲ್ಲಿಯಲ್ಲಲ್ಲ, ಮುಂಬೈಯಲ್ಲೂ ಅಲ್ಲ. ಆಕುರ್ಡಿಯಲ್ಲಿ! ಭೋಸರಿ ಇರುವ ಪಿಂಪ್ರಿ-ಚಿಂಚವಾಡದೊಳಗೇ! ನೀವು ಬಸ್ಸಿನಲ್ಲಿ ಎಷ್ಟು ಸಲ ಆ ಕಡೆ ಹಾದಿದ್ದೀರೋ!

ಆದರೆ ಒಂದು ಮಾತು. ಗೋಡೆಯ ಮೇಲೆ ಕಂಡ ಕೂಡಲೇ ‘ಮರಾಠೌಸೇ’ ಎಂದು ಕೂಗಿಬಿಡಬೇಡಿ. ಇದರ ದಾಯಾದಿಗಳೂ ನಮ್ಮ ಗೋಡೆಗಳ ಮೇಲೆ ಇರುತ್ತವೆ. ಬರಿಗಣ್ಣಿಗೆ ಎಲ್ಲ ಒಂದೇ ಥರ! ಹಾಗಾದರೆ ಗುರುತು ಹಿಡಿಯುವುದು ಹೇಗೆ? ಹೆಣ್ಣಿನ ಹೊಟ್ಟೆಯಡಿಯ ಜನನಾಂಗವನ್ನೂ ಗಂಡಿನ ಬಾಯಿಯ ಪಕ್ಕದ ಪುಟ್ಟ ಅಂಗವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮೂರು ಮಿಲಿಮೀಟರ್ ಮೈಯಲ್ಲಿ ಮಿಲಿಮೀಟರಿನ ಚೂರಿನಷ್ಟು ಜಾಗ. ಅಲ್ಲಿದೆ ಅದರ ಗುರುತಿನ ಚೀಟಿ!

ಈಗ ಬೇಟೆಗೆ ಬರೋಣ. ಉಸಿರು ಬಿಗಿಹಿಡಿಯಿರಿ!

ಜೇಡಗಳಿಗೆ ಯಾರನ್ನು ಕಂಡರೆ ಭಯ? ಹಲ್ಲಿ, ಕಣಜ, ಸರಿ. ಇನ್ನೊಬ್ಬರಿದ್ದಾರೆ. ಇರುವೆ! ಇರುವೆ ಕಚ್ಚುತ್ತದೆ. ಚುಚ್ಚುತ್ತದೆ. ಆಮ್ಲ ಚಿಮ್ಮುತ್ತದೆ. ಸಾಲದ್ದಕ್ಕೆ ವಾಸನೆ ಬಿಟ್ಟು ಇಡೀ ಬಳಗವನ್ನು ಕರೆಯುತ್ತದೆ! ಬಹಳಷ್ಟು ಜೇಡಗಳು ಇರುವೆ ಬಂದರೆ ದಾರಿ ಬಿಟ್ಟು ಸರಿಯುತ್ತವೆ.

ನಮ್ಮ ಗೋಡೆಯ ಜೇಡ? ಇರುವೆಯ ದಾರಿಯ ಪಕ್ಕದಲ್ಲೇ ಮನೆ ಕಟ್ಟುತ್ತದೆ!

ಕಟ್ಟಿರುವೆಯೊಂದು ಗೋಡೆ ಹತ್ತಿ ಬಂತು ಅನ್ನಿ. ಸಕ್ಕರೆ ಡಬ್ಬಿಯ ವಾಸನೆ ಹಿಡಿದು ಹೊರಟಿದೆ. ಕಾಲು ಎಳೆಗೆ ತಗಲಿತು. ಥಟ್ಟನೆ ಛಾವಣಿಯಡಿಯಿಂದ ಜೇಡ ಹೊರಗೆ!

ಹಾರಿ ಕಚ್ಚುತ್ತದೆಯೇ? ಇಲ್ಲ! ಎದುರಿಗೆ ನಿಂತು ಹಲ್ಲು ತೋರಿಸುತ್ತದೆಯೇ? ಇಲ್ಲ! ಮುಖವನ್ನೇ ತಿರುಗಿಸಿಬಿಡುತ್ತದೆ! ಬೆನ್ನು ಇರುವೆಯ ಕಡೆ, ಮುಖ ಹೊರಗಡೆ. ಇನ್ನು ಶುರು ಓಟ! ಇರುವೆಯ ಸುತ್ತ ಒಂದು ಸುತ್ತು. ಎರಡು ಸುತ್ತು. ಇನ್ನೊಂದು, ಮತ್ತೊಂದು! ಕಣ್ಣಿಗೆ ಕಾಲು ಕಾಣುವುದಿಲ್ಲ, ಗಿರ್ರನೆ ತಿರುಗುವ ಮಸುಕು ಮಾತ್ರ!

ಓಡುತ್ತ ಓಡುತ್ತ ಹಿಂದಿನಿಂದ ನೂಲು ಬಿಡುತ್ತಿದೆ! ಒಂದೆಳೆಯಲ್ಲ, ಎಳೆಗಳ ಪಟ್ಟಿಯನ್ನೇ! ಇರುವೆಯ ಮೀಸೆ ಸಿಕ್ಕಿತು. ಮುಂಗಾಲು ಸಿಕ್ಕಿತು. ಹಿಂಗಾಲು ಸಿಕ್ಕಿತು. ದವಡೆ ತೆರೆಯಬೇಕೆನ್ನುವಷ್ಟರಲ್ಲಿ ದವಡೆಗೂ ಬಿತ್ತು ಕಟ್ಟು! ಕೊನೆಗೆ ಇರುವೆ ಗೋಡೆಗೇ ಹೊಲಿದುಹೋಗಿರುತ್ತದೆ!

ಭೋಸರಿ ಕುಸ್ತಿಗೆ, ಕಬಡ್ಡಿಗೆ ಹೆಸರಾದ ಊರು. ಇಲ್ಲಿನ ತಾಲೀಮಿನ ಪೈಲ್ವಾನರಿಗೆ ಗೊತ್ತಿರುವ ಮಾತಿದು: ದೊಡ್ಡ ಆಳಿನ ಎದೆಗೆ ಎದೆ ಕೊಡಬಾರದು, ಸುತ್ತಿ ಬಳಸಿ ಕಾಲು ಕಟ್ಟಬೇಕು. ಮೂರು ಮಿಲಿಮೀಟರಿನ ಪೈಲ್ವಾನ ಮಾಡುವುದೂ ಅದನ್ನೇ!

ಕಚ್ಚುವುದು ಯಾವಾಗ? ಎಲ್ಲ ಮುಗಿದ ಮೇಲೆ. ಎದುರಾಳಿ ಅಲ್ಲಾಡಲಾಗದ ಮೇಲೆ. ನಿಧಾನಕ್ಕೆ, ಜಾಗ ನೋಡಿಕೊಂಡು, ಒಂದು ಕಚ್ಚು. ಆಟ ಮುಗಿಯಿತು!

ತನಗಿಂತ ದೊಡ್ಡ ಇರುವೆಯನ್ನೂ ಹೀಗೇ ಹಿಡಿಯುತ್ತದೆ. ಕೆಡವುವ ಶಕ್ತಿ ತೋಳಿನಲ್ಲಿಲ್ಲ, ಓಟದಲ್ಲಿದೆ!

ಇದಕ್ಕೆ ಬೇಕಾದ ಸಲಕರಣೆ ಎಲ್ಲಿದೆ? ಕೇಳಿದರೆ ನಗುತ್ತೀರಿ. ಗುದದ ಮೇಲೆ! ಹೌದು! ಅಲ್ಲೊಂದು ದೊಡ್ಡ ಗುಬಟು. ಅದರ ಅಂಚಿಗೆ ಉದ್ದುದ್ದ ಬಾಗಿದ ರೋಮಗಳ ಸಾಲು. ನೂಲು ಬಿಡುವ ಅಂಗಗಳ ಪೈಕಿ ಹಿಂದಿನ ಜೋಡಿ ಉದ್ದ. ಅದು ನೂಲು ಸುರಿಯುತ್ತದೆ, ಈ ರೋಮಗಳು ಅದನ್ನು ಹರಡಿ ಇರುವೆಯ ಮೇಲೆ ಬೀಸಲು ನೆರವಾಗುತ್ತವೆ. ಬೇರೆ ಪ್ರಾಣಿಗಳು ಮಾತಿಗೂ ಎತ್ತದ ಜಾಗದಲ್ಲಿ ಇದು ಆಯುಧಾಗಾರವನ್ನೇ ಇಟ್ಟುಕೊಂಡಿದೆ!

ಈ ಸುತ್ತೋಟದ ವಿದ್ಯೆ ಇನ್ನೊಬ್ಬ ನೆಂಟನಿಗೂ ಗೊತ್ತು. ಊರಿಗೆ ಹೋದಾಗ ಹೊಲದ ಬದುವಿನ ಮರದ ಕಾಂಡವನ್ನು ಹತ್ತಿರದಿಂದ ನೋಡಿ. ತೊಗಟೆಯದೇ ಬಣ್ಣ, ಹಿಂದೆ ಎರಡು ಉದ್ದ ಬಾಲ. ಅದು ಹರ್ಸಿಲಿಯಾ ಎಂಬ ಜೇಡ. ಬಾಲ ಎಂದೆನಲ್ಲ, ಅದು ಬಾಲವಲ್ಲ. ನೂಲು ಬಿಡುವ ಅಂಗವೇ ಅಷ್ಟುದ್ದ! ಅದೂ ಬೇಟೆಯ ಸುತ್ತ ಗಿರಗಿರ ಓಡಿ ಮರಕ್ಕೆ ಬಿಗಿಯುತ್ತದೆ.

ದಣಿದಿರಾ? ಇನ್ನೂ ಅರ್ಧವೂ ಆಗಿಲ್ಲ!

ಈಗ ನೂಲಿನ ಲೆಕ್ಕ. ಭೋಸರಿಯ ಟೂಲ್ ರೂಮಿನಲ್ಲಿ ದುಡಿಯುವವರೇ, ಇದು ನಿಮಗಾಗಿ!

ನಿಮ್ಮ ಕೈಯಲ್ಲಿ ಮೈಕ್ರೋಮೀಟರ್ ಇದೆ. ಸಾಮಾನ್ಯ ಸ್ಕ್ರೂ ಗೇಜು ಓದುವ ಅತಿ ಚಿಕ್ಕ ಅಳತೆ ಎಷ್ಟು? ಮಿಲಿಮೀಟರಿನ ನೂರನೇ ಒಂದು ಭಾಗ. ಅಂದರೆ ಹತ್ತು ಮೈಕ್ರಾನ್. ಅದಕ್ಕಿಂತ ಸೂಕ್ಷ್ಮ ಕೆಲಸ ಬಂದರೆ ಸೂಪರ್‌ವೈಸರ್ ಸಾಹೇಬರ ಹಣೆಯಲ್ಲಿ ಬೆವರು!

ಈ ಜೇಡದ ಬಲೆಯಲ್ಲಿ ಒಂದು ವಿಶೇಷ ನೂಲಿದೆ. ಹೊಟ್ಟೆಯಡಿ ಎರಡು ಹೋಳಾದ ಒಂದು ಜರಡಿ ಫಲಕ. ಅದರ ತುಂಬ ಸೂಕ್ಷ್ಮ ನಳಿಗೆಗಳು. ಪ್ರತಿ ನಳಿಗೆಯಿಂದ ಒಂದು ನವಿರೆಳೆ. ಕೊನೆಯ ಜೋಡಿ ಕಾಲಿನಲ್ಲಿ ಬಿರುಗೂದಲಿನ ಬಾಚಣಿಗೆ! ಅದರಿಂದ ಬಾಚಿ ಬಾಚಿ ಎಳೆಗಳನ್ನು ಹೊರಗೆಳೆಯುತ್ತದೆ.

ಈ ಬಗೆಯ ನೂಲು ತೆಗೆಯುವ ಜೇಡಗಳ ಒಂದು ನವಿರೆಳೆ ಎಷ್ಟು ದಪ್ಪ? ಊಹಿಸಿ! ಒಂದು ಮೈಕ್ರಾನ್? ಇನ್ನೂ ಕಡಿಮೆ. ಅರ್ಧ? ಇನ್ನೂ ಕಡಿಮೆ! ಹತ್ತನೇ ಒಂದು? ಇನ್ನೂ ಇನ್ನೂ ಕಡಿಮೆ!

ಹತ್ತರಿಂದ ಮೂವತ್ತು ನ್ಯಾನೋಮೀಟರ್!

ಒಂದು ಮೈಕ್ರಾನಿಗೆ ಸಾವಿರ ನ್ಯಾನೋಮೀಟರ್. ಲೆಕ್ಕ ಹಾಕಿ. ನಿಮ್ಮ ಸ್ಕ್ರೂ ಗೇಜಿನ ಒಂದು ಗೆರೆಯೊಳಗೆ ಇಂಥ ಎಳೆಗಳನ್ನು ಪಕ್ಕಪಕ್ಕ ಜೋಡಿಸಿದರೆ ಮುನ್ನೂರರಿಂದ ಸಾವಿರ ಎಳೆ ಹಿಡಿಸುತ್ತವೆ! ಒಂದು ಗೆರೆಯೊಳಗೆ! ಇದಕ್ಕೆ ಸಿಎನ್‌ಸಿ ಇಲ್ಲ, ಕೂಲಂಟ್ ಇಲ್ಲ, ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ!

ಇನ್ನೂ ಒಂದು ಇದೆ. ಈ ನೂಲಿನಲ್ಲಿ ಅಂಟು ಇಲ್ಲ!

ತೋಟದಲ್ಲಿ ದುಂಡನೆಯ ಬಲೆ ನೇಯುವ ಜೇಡಗಳನ್ನು ನೋಡಿದ್ದೀರಿ. ಅವುಗಳ ಎಳೆಗೆ ಅಂಟಿನ ಹನಿ ಹಚ್ಚಿರುತ್ತದೆ. ಇಲ್ಲಿ ಒಂದು ಹನಿಯೂ ಇಲ್ಲ. ಒಣ ನೂಲು! ಆದರೂ ಹುಳದ ಕಾಲು ಹಿಡಿದರೆ ಬಿಡುವುದಿಲ್ಲ. ಹೇಗೆ? ಎಳೆ ಎಷ್ಟು ಸಣ್ಣದೆಂದರೆ ಹುಳದ ಮೈಗೆ ಅಣು ಅಣುವಿನ ಹತ್ತಿರ ಹೋಗಿ ಕೂರುತ್ತದೆ. ಅಷ್ಟು ಹತ್ತಿರವಾದಾಗ ಅಣುಗಳ ನಡುವೆ ಒಂದು ಸಣ್ಣ ಸೆಳೆತ ಹುಟ್ಟುತ್ತದೆ. ಅದರ ಹೆಸರು ವಾನ್ ಡರ್ ವಾಲ್ಸ್ ಬಲ. ಒಂದೆಳೆಯ ಸೆಳೆತ ಲೆಕ್ಕಕ್ಕಿಲ್ಲ. ಸಾವಿರಾರು ಎಳೆ ಸೇರಿದರೆ ಬಿಡಿಸಿಕೊಳ್ಳುವುದು ಕಷ್ಟ!

ಇಷ್ಟೇ ಎಂದುಕೊಂಡಿರಾ? 2017ರಲ್ಲಿ ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರು ಇದೇ ಬಗೆಯ ನೂಲು ತೆಗೆಯುವ ಇನ್ನೊಂದು ಜೇಡವನ್ನು ಪರೀಕ್ಷಿಸಿದರು. ಕಂಡದ್ದೇನು? ಕೀಟಗಳ ಮೈಮೇಲೆ ತೆಳುವಾದ ಮೇಣದ ಲೇಪ ಇರುತ್ತದೆ, ಮೈ ಒಣಗದಿರಲಿ ಎಂದು. ಹುಳ ಬಲೆಗೆ ತಗಲಿದ ಕೂಡಲೇ ಆ ಮೇಣ ನೂಲಿನೊಳಕ್ಕೆ ಹೀರಿಕೊಂಡು ಹರಡುತ್ತದೆ. ನೂಲೂ ಮೇಣವೂ ಸೇರಿ ಗಟ್ಟಿ ಹಿಡಿತ! ಅಂದರೆ ಅಂಟು ತರುವುದು ಯಾರು? ಬೇಟೆಯೇ! ಹುಳ ತನ್ನ ಮೈಯ ಮೇಣದಿಂದ ತನ್ನನ್ನೇ ಅಂಟಿಸಿಕೊಳ್ಳುತ್ತದೆ!

ಒಂದು ಮಿಂಚಿನ ಪ್ರಶ್ನೆ. ಈ ಬಾಚುವ ಕೆಲಸ ಗಂಡೂ ಮಾಡುತ್ತದೆಯೇ? ಚಿಕ್ಕಂದಿನಲ್ಲಿ ಮಾಡುತ್ತದೆ. ಪ್ರಾಯಕ್ಕೆ ಬಂತೋ, ಇಂಥ ಜೇಡಗಳ ಗಂಡಿನಲ್ಲಿ ಜರಡಿ ಸಾಮಾನ್ಯವಾಗಿ ಕೆಲಸ ನಿಲ್ಲಿಸಿಬಿಡುತ್ತದೆ! ಆಮೇಲೆ ಹೆಣ್ಣು ಹುಡುಕಿಕೊಂಡು ಗೋಡೆ ಗೋಡೆ ಅಲೆಯುವುದೇ ಕೆಲಸ.

ಮೊಟ್ಟೆ? ತೋಟದ ದೊಡ್ಡ ಜೇಡಗಳು ಒಂದೇ ಗೂಡಿನಲ್ಲಿ ನೂರಾರು ಮೊಟ್ಟೆ ಇಡುತ್ತವೆ. ಇದು ಇಡುವುದು ಬೆರಳೆಣಿಕೆಯಷ್ಟೇ! ಆದರೂ ಊರು ತುಂಬಿದೆ. ದೇಶ ತುಂಬಿದೆ. ದೇಶ ದಾಟಿದೆ!

ಹೌದು, ದೇಶ ದಾಟಿದ ಕಥೆ. ಮರಾಠೌಸ್ ಇವತ್ತು ಎಲ್ಲೆಲ್ಲಿ ಸಿಕ್ಕಿದೆ ಎಂದು ಕೇಳಿ. ಆಫ್ರಿಕದ ಉಷ್ಣವಲಯದಲ್ಲಿ! ಲಾವೋಸಿನಲ್ಲಿ! ತೈವಾನಿನಲ್ಲಿ! ಜಪಾನಿನಲ್ಲಿ! ರೆಕ್ಕೆ ಇಲ್ಲದ, ಮೂರು ಮಿಲಿಮೀಟರಿನ ಪ್ರಾಣಿ ಸಮುದ್ರ ದಾಟುವುದು ಹೇಗೆ? ಮನುಷ್ಯರ ಸಾಮಾನಿನ ಜೊತೆ! ಗೋಡೆಯ ಸಂದು ಬೇಕು, ಅಷ್ಟೇ. ಮರದ ಪೆಟ್ಟಿಗೆಯಲ್ಲೂ ಸಂದು ಇದೆ, ಹಡಗಿನಲ್ಲೂ ಇದೆ. ಟಿಕೇಟಿಲ್ಲ, ಪಾಸ್‌ಪೋರ್ಟಿಲ್ಲ, ಮನೆ ಬದಲಿಸಿದ ಹಾಗೆ ಖಂಡ ಬದಲಿಸುತ್ತವೆ!

ಇವುಗಳ ವಂಶದಲ್ಲಿ ಒಟ್ಟು ತೊಂಬತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಅತಿ ಹೆಚ್ಚು ಎಲ್ಲಿವೆ ಹೇಳಿ ನೋಡೋಣ. ಅಮೆಜಾನ್ ಕಾಡಿನಲ್ಲೇ? ಸಹ್ಯಾದ್ರಿಯಲ್ಲೇ? ಊಹೂಂ! ಆಫ್ರಿಕದ ಪಕ್ಕದ ಕ್ಯಾನರಿ ದ್ವೀಪಗಳಲ್ಲಿ! ಸಮುದ್ರದ ನಡುವಿನ ಆ ಜ್ವಾಲಾಮುಖಿ ದ್ವೀಪಗಳಲ್ಲೇ ಮೂವತ್ತಕ್ಕೂ ಹೆಚ್ಚು ಪ್ರಭೇದ. ಅವು ಬೇರೆಲ್ಲೂ ಸಿಗುವುದಿಲ್ಲ!

ಇನ್ನೊಂದು ದಾಯಾದಿ ಇದೆ, ಈಕೋಬಿಯಸ್ ನೇವಸ್. ಅದೂ ಜಗತ್ತು ಸುತ್ತಿದ ಮನೆ ಜೇಡ. ಪೋರ್ಚುಗಲ್ಲಿನಲ್ಲೂ ಇದೆ, ಉರುಗ್ವೆಯಲ್ಲೂ ಇದೆ. ಒಂದೇ ಪ್ರಭೇದ ಅಂದಮೇಲೆ ಊಟವೂ ಒಂದೇ ತಾನೇ? ಅಲ್ಲವೇ ಅಲ್ಲ! 2013ರಲ್ಲಿ ಪ್ರಕಟವಾದ ಅಧ್ಯಯನ ಎರಡೂ ಊರಿನವನ್ನು ಹೋಲಿಸಿತು. ಪೋರ್ಚುಗಲ್ಲಿನವು ಸಿಕ್ಕಿದ್ದೆಲ್ಲ ತಿಂದವು. ಉರುಗ್ವೆಯವು ಹೆಚ್ಚಾಗಿ ಇರುವೆಯನ್ನೇ! ಊರು ಬದಲಾದರೆ ನಾಲಿಗೆಯೂ ಬದಲಾಗುತ್ತದೆ. ಜೋಳದ ರೊಟ್ಟಿ ಬಿಟ್ಟು ವಡಾಪಾವ್ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕೇ!

ಈಗ ನಿಜವಾದ ಬಾಂಬು. ಇದನ್ನು ಕೊನೆಯವರೆಗೆ ಮುಚ್ಚಿಟ್ಟುಕೊಂಡಿದ್ದೆ.

ಮೆಕ್ಸಿಕೊಗೆ ಹೋಗೋಣ. ಅಲ್ಲಿ ಕಲ್ಲುಗಳ ಅಡಿಯಲ್ಲಿ ಇದೇ ವಂಶದ ಇನ್ನೊಂದು ಜೇಡ. ಹೆಸರು ಈಕೋಬಿಯಸ್ ಸಿವಿಟಾಸ್. ಅವು ಗುಂಪಾಗಿ ಇರುತ್ತವೆ. ಒಂದೇ ಕಲ್ಲಿನಡಿ ಹಲವು ಮನೆ. ಆದರೆ ಪ್ರತಿಯೊಬ್ಬರಿಗೂ ತಮ್ಮ ತಮ್ಮ ಸಂದು.

ಒಂದು ಜೇಡವನ್ನು ಅದರ ಸಂದಿನಿಂದ ಓಡಿಸಿದರು ಅನ್ನಿ. ಅದು ಏನು ಮಾಡುತ್ತದೆ? ಹತ್ತಿರದ ಇನ್ನೊಬ್ಬರ ಸಂದಿಗೆ ನುಗ್ಗುತ್ತದೆ. ಒಳಗೆ ಮಾಲೀಕಳಿದ್ದಾಳೆ!

ಈಗ ಹೇಳಿ. ಮಾಲೀಕಳು ಏನು ಮಾಡುತ್ತಾಳೆ?

ಜಗಳವಾಡುತ್ತಾಳೆ? ಇಲ್ಲ. ಕಚ್ಚುತ್ತಾಳೆ? ಇಲ್ಲ. ಜಾಗ ಹಂಚಿಕೊಳ್ಳುತ್ತಾಳೆ? ಅದೂ ಇಲ್ಲ!

ಮನೆ ಬಿಟ್ಟು ಓಡುತ್ತಾಳೆ!

ಸ್ವಂತ ಮನೆಯಿಂದ, ಸ್ವಂತ ಕಾಲಿನ ಮೇಲೆ, ಒಂದು ಮಾತಾಡದೆ! ಹೊರಗೆ ಬಂದವಳು ಮಾಡುವುದೇನು? ಮೂರನೆಯವಳ ಸಂದಿಗೆ ನುಗ್ಗುತ್ತಾಳೆ. ಮೂರನೆಯವಳು ಜಾಗ ಬಿಟ್ಟು ನಾಲ್ಕನೆಯವಳ ಮನೆಗೆ. ನಾಲ್ಕನೆಯವಳು ಐದನೆಯವಳಲ್ಲಿಗೆ! ಕೆಲವು ಸೆಕೆಂಡು ಇಡೀ ಕಲ್ಲಿನಡಿ ಓಡಾಟ. ಎಲ್ಲ ತಣ್ಣಗಾದಾಗ ನೋಡಿದರೆ, ಎಷ್ಟೋ ಸಲ ಗುಂಪಿನ ಹೆಚ್ಚಿನವರೆಲ್ಲ ಬೇರೆಯವರ ಮನೆಯಲ್ಲಿ! ಒಂದು ಜಗಳವಿಲ್ಲ, ಒಂದು ಗಾಯವಿಲ್ಲ!

ಇದನ್ನು ಜೆ. ವೆಸ್ಲಿ ಬರ್ಜೆಸ್ ಎಂಬ ಸಂಶೋಧಕರು 1976ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬರೆದರು. ಓದಿದ ವಿಜ್ಞಾನಿಗಳು ಸುಮ್ಮನಿರಲಿಲ್ಲ!

ಏಕೆ ಗೊತ್ತೇ? ಪ್ರಾಣಿಗಳ ಜಗಳವನ್ನು ಗಣಿತದಲ್ಲಿ ಬಿಡಿಸಿಡುತ್ತಿದ್ದವರು ಜಾನ್ ಮೇನಾರ್ಡ್ ಸ್ಮಿತ್. ‘ಜಾಗ ನನ್ನದು, ನಾನು ನಿಲ್ಲುತ್ತೇನೆ, ನೀನು ಹೋಗು’ ಎಂಬ ನಿಯಮ ಪ್ರಾಣಿಲೋಕದಲ್ಲಿ ಬೇಕಾದಷ್ಟು ಸಿಗುತ್ತದೆ. ಗಣಿತದ ಪ್ರಕಾರ ಅದರ ತಲೆಕೆಳಗಾದ ನಿಯಮವೂ ನಡೆಯಬೇಕು: ‘ಬಂದವನೇ ಗೆಲ್ಲಲಿ, ಇದ್ದವನು ಹೊರಡಲಿ.’ ಕಾಗದದ ಮೇಲೆ ಸರಿ. ಆದರೆ ಹಾಗೆ ಬದುಕುವ ಹುಚ್ಚರು ಯಾರಿದ್ದಾರೆ? ಇಲ್ಲಿದ್ದಾರಲ್ಲ, ಕಲ್ಲಿನಡಿ! ರಿಚರ್ಡ್ ಡಾಕಿನ್ಸ್ ಅವರ ‘ದಿ ಸೆಲ್ಫಿಶ್ ಜೀನ್’ ಪುಸ್ತಕದ 1989ರ ಆವೃತ್ತಿಯ ಟಿಪ್ಪಣಿಗಳಿಗೂ ಈ ಜೇಡ ನುಗ್ಗಿತು. ಜಗತ್ತು ಓದಿದ ಪುಸ್ತಕದೊಳಗೆ ನಿಮ್ಮ ಗೋಡೆಯ ಜೇಡದ ದಾಯಾದಿ!

ಭೋಸರಿಯಲ್ಲಿ ಮನೆ ಮಾಲೀಕರು ಹೀಗೆ ಎದ್ದು ಹೋಗುವ ದಿನ ಬರುತ್ತದೆಯೇ? ಕನಸು ಕಾಣಬೇಡಿ!

ಕೊನೆಯ ಒಂದು ಸಂಖ್ಯೆ ಉಳಿದಿದೆ. ಇವು ನಮ್ಮ ಮನೆಗಳಿಗೆ ಬಂದವು, ಸರಿ. ಮನೆಗಳು ಹುಟ್ಟುವ ಮುಂಚೆ ಎಲ್ಲಿದ್ದವು? ಕಲ್ಲಿನ ಅಡಿ, ತೊಗಟೆಯ ಸಂದು. ಎಷ್ಟು ಕಾಲದಿಂದ? ಸಾವಿರ ವರ್ಷ? ಲಕ್ಷ? ಹತ್ತು ಲಕ್ಷ?

ಮ್ಯಾನ್ಮಾರಿನಲ್ಲಿ ಮರದ ಅಂಟು ಕಲ್ಲಾಗಿ ಸಿಗುತ್ತದೆ. ಅಂಬರ್ ಎನ್ನುತ್ತಾರೆ. ಅದರೊಳಗೆ ಹುಳಹುಪ್ಪಟೆಗಳು ಇದ್ದ ಹಾಗೇ ಸಿಕ್ಕಿಕೊಂಡಿವೆ. ಇದೇ ಕುಟುಂಬದ ಜೇಡಗಳೂ ಅದರಲ್ಲಿವೆ! ಆ ಅಂಬರಿನ ವಯಸ್ಸು? ಸುಮಾರು ಹತ್ತು ಕೋಟಿ ವರ್ಷ!

ಡೈನೋಸಾರ್‌ಗಳು ತಿರುಗಾಡುತ್ತಿದ್ದ ಕಾಲ! ಆ ದೈತ್ಯರು ಅಳಿದರು. ಈ ಪುಟ್ಟ ಕುಟುಂಬ ಉಳಿಯಿತು. ಈಗ ನಿಮ್ಮ ಸ್ವಿಚ್ ಬೋರ್ಡಿನ ಪಕ್ಕ ಕೂತಿದೆ!

ಹೆದರಬೇಕೇ? ಬೇಡವೇ ಬೇಡ. ಮನುಷ್ಯರ ಸುದ್ದಿಗೆ ಅದು ಬರುವುದಿಲ್ಲ. ಮುಟ್ಟಲು ಹೋದರೆ ಅದೇ ಓಡುತ್ತದೆ. ಬದಲಿಗೆ ಬಾಡಿಗೆಯ ಲೆಕ್ಕದಲ್ಲಿ ನಿಮ್ಮ ಇರುವೆಗಳನ್ನು ತಿನ್ನುತ್ತದೆ!

ಹಾಗಾದರೆ ನೀವು ಮಾಡಬೇಕಾದದ್ದೇನು? ದಸರೆ ದೀಪಾವಳಿಗೆ ಪೊರಕೆ ಹಿಡಿದು ಗೋಡೆ ಬಡಿಯುತ್ತೀರಲ್ಲ, ಅದಕ್ಕೆ ಮುಂಚೆ ಎರಡು ನಿಮಿಷ ಕೊಡಿ. ಬೆಳ್ಳಗಿನ ಆ ಪುಟ್ಟ ನಕ್ಷತ್ರ ಹುಡುಕಿ. ಹತ್ತಿರದಲ್ಲಿ ಇರುವೆಯ ಸಾಲಿದೆಯೇ ನೋಡಿ. ಇದ್ದರೆ ನಿಮ್ಮ ಅದೃಷ್ಟ, ಸ್ಟೂಲು ಎಳೆದುಕೊಂಡು ಕೂತುಬಿಡಿ! ಮಕ್ಕಳನ್ನು ಕರೆಯಿರಿ. ಪಕ್ಕದ ಖೋಲಿಯ ಮರಾಠಿ ಕಾಕೂ ಅವರನ್ನೂ ಕರೆಯಿರಿ, ಹೆಸರು ಕೇಳಿದರೆ ಅವರಿಗೆ ಇನ್ನೂ ಖುಷಿ!

ಜಗತ್ತಿನಲ್ಲಿ ಇದುವರೆಗೆ ಹೆಸರು ಪಡೆದ ಜೇಡ ಪ್ರಭೇದಗಳು ಎಷ್ಟು? 2022ರ ಏಪ್ರಿಲ್‌ನಲ್ಲೇ ಆ ಪಟ್ಟಿ 50,000 ದಾಟಿತು! ಅಷ್ಟರಲ್ಲಿ ಇದಕ್ಕೆ ಈ ಸೀಮೆಯ ಜನರ ಹೆಸರು. ಅದನ್ನು ಈ ಸೀಮೆಯಲ್ಲಿ ನೋಡಿ ಬರೆದಿಡುವವರು ಬೇಕು!

ಅದಕ್ಕೆ ಪ್ರಯೋಗಾಲಯ ಬೇಕಿಲ್ಲ. ಹತ್ತಿರದಿಂದ ಒಂದು ಫೋಟೋ ಹೊಡೆಯಿರಿ. ಕೈ ಅಲುಗಿದರೆ ಇನ್ನೊಂದು ಹೊಡೆಯಿರಿ. ‘ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್’ ಅಥವಾ ‘ಐನ್ಯಾಚುರಲಿಸ್ಟ್’ಗೆ ಏರಿಸಿ. ಜೇಡ ಬಲ್ಲವರು ನೋಡಿ ವಂಶದ ಹೆಸರು ಹೇಳುತ್ತಾರೆ. ಪ್ರಾಣಿ ಯಾವುದು ಎಂಬ ಕಡೆ ‘ಈಕೋಬಿಯಸ್’ ಎಂದು ತುಂಬಿ. ತಾರೀಖು ತುಂಬಿ. ಸ್ಥಳ ಎಂಬ ಖಾನೆಯಲ್ಲಿ ಹೆಮ್ಮೆಯಿಂದ ಬರೆಯಿರಿ: ಭೋಸರಿ!